ಕಲ್ಮೀಸೆ

ಬಾಗಿಲ ಹೊರಗೆ ಕೇಳಿದ ಕೆಮ್ಮು ಅಡವಿಯಪ್ಪನದೆಂದು ತಿಳಿಯಲು ಬಸವಪ್ರಭುವಿಗೆ ಅರ್ಧ ಕ್ಷಣವೂ ಬೇಕಾಗಲಿಲ್ಲ. ಮೊದಲು ಎರಡು ಒಣ ಕೆಮ್ಮು, ಆಮೇಲೆ ಕ್ಷಮೆ ಕೇಳುವಂಥ ಒಂದು ಸಣ್ಣದು, ಕೊನೆಗೆ ಗಂಟಲಲ್ಲೇ ನುಂಗಿಕೊಂಡ ಒಂದು ‘ಸಾ’. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹತ್ತು ವರ್ಷ ಅದೇ ಕೆಮ್ಮನ್ನು ಕೆಮ್ಮಿ ಚಪ್ಪಾಳೆ ಗಿಟ್ಟಿಸಿದ್ದವನಿಗೆ ಅಸಲಿ ಕೆಮ್ಮು ಈಗ ತನ್ನದರ ಕಳಪೆ ನಕಲಿನ ಹಾಗೆ ಕೇಳಿಸಿತು. ಅರ್ಧ ಗಡ್ಡ ಹೆರೆದಾಗಿತ್ತು. ಇನ್ನರ್ಧದ ಮೇಲೆ ನೊರೆ ಒಣಗುತ್ತಿತ್ತು. ಇವತ್ತು ಬರಬಾರದಾಗಿತ್ತು ಈ ಮನುಷ್ಯ. ರಿಟೈರಾಗಿ ಎರಡು ವರ್ಷವಾದರೂ ಒಂದು ದಿನ ಈ ಕಡೆ ತಲೆ ಹಾಕದವನು, ಹತ್ತು ಗಂಟೆಗೆ ಅರಣ್ಯ ಇಲಾಖೆಯ ಜೀಪು ಬರುವ ದಿನವೇ, ಗುಬ್ಬಿಯ ಆನೆಬಂಡೆಯ ಬೇಲಿ ಉದ್ಘಾಟನೆಯಾಗುವ ದಿನವೇ ಬರಬೇಕೆ? ಈವರೆಗೆ ಕನ್ನಡಿಯ ಮುಂದೆ ದೊಡ್ಡ ಸಾಹೇಬರ ದನಿಯಲ್ಲಿ ತನ್ನನ್ನೇ ಹೊಗಳಿಕೊಳ್ಳುತ್ತಿದ್ದ. ‘ಡಾಕ್ಟರ್ ಬಸವಪ್ರಭು ಅವರು ಕಲ್ಲಿನಲ್ಲಿ ಜೀವ ಕಂಡವರು.’ ಸಾಹೇಬರ ಮೂಗಿನಿಂದ ಬರುವ ‘ಅವರು’ ಚೆನ್ನಾಗಿ ಕೂತಿತ್ತು. ಕೆಮ್ಮು ಕೇಳಿದ್ದೇ ಅದು ಜಾರಿ ತೊಟ್ಟಿಗೆ ಬಿತ್ತು.

“ರೀ, ಅಡವಿಯಪ್ಪ ಬಂದಿದಾರೆ. ಕತ್ತಲಲ್ಲೇ ಊರು ಬಿಟ್ರಂತೆ,” ಅನುಪಮಾ ಅಡಿಗೆಮನೆಯಿಂದ ಹೇಳಿದಳು. “ಒಳಗ್ ಬನ್ನಿ ಅಂದ್ರೂ ಬರ್ತಿಲ್ಲ, ಮೆಟ್ಲ ಮೇಲೇ ಕೂತಿದಾರೆ. ನೋಡಿ, ಅವರ ಮುಂದೆ ಅವರ ಥರಾನೇ ಮಾತಾಡ್ಬೇಡಿ ಮತ್ತೆ.”

“ನಾನ್ಯಾವಾಗ ಮಾತಾಡ್ದೆ?”

“ನಿಮಗೆ ಗೊತ್ತೇ ಆಗಲ್ಲ ಕಣ್ರೀ. ಅದೇ ಕಷ್ಟ.”

ಮುಖ ತೊಳೆದು ಹೊರಗೆ ಬಂದಾಗ ಅಡವಿಯಪ್ಪ ಎದ್ದು ನಿಂತ. ಮೂವತ್ತೊಂದು ವರ್ಷ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರಾಗಿದ್ದವನ ಎದ್ದು ನಿಲ್ಲುವ ಬಗೆಯೇ ಬೇರೆ: ಮೊದಲು ಕೈಗಳು ಏನನ್ನಾದರೂ ಹಿಡಿದುಕೊಳ್ಳಲು ಹುಡುಕುತ್ತವೆ, ಆಮೇಲೆ ಮೈ ಏಳುತ್ತದೆ. ಇವತ್ತು ಆ ಕೈಗಳಲ್ಲಿ ಆಗಲೇ ಒಂದು ಪೊಟ್ಟಣವಿತ್ತು. ಹಳೆಯ ಪೇಪರಿನದು, ಬಾಳೆನಾರು ಸುತ್ತಿದ್ದು. ಶಿರಾ ಗೇಟಿನ ಕಡೆಯಿಂದ ಲಾರಿಗಳ ಹಾರನ್ ಕೇಳುತ್ತಿತ್ತು. ಒಂದು ಲಾರಿ ಜಲ್ಲಿ ಚೆಲ್ಲಿಕೊಂಡು ತಿರುಗಿದ ಸದ್ದಿಗೆ ಅಡವಿಯಪ್ಪ ಕತ್ತು ತಿರುಗಿಸಿ, ಆ ಕಲ್ಲು ಯಾವ ಊರಿನದೆಂದು ಪತ್ತೆ ಮಾಡುವವನಂತೆ ಅತ್ತಲೇ ನೋಡಿದ.

“ಕರಿಬಸಮ್ಮ ಹೇಗಿದಾರೆ?”

“ಅವ್ಳು ಬಂಡೆ ಮ್ಯಾಲೇ ಕುಂತವ್ಳೆ ಸಾ. ನೀನ್ ಹೋಗಿ ಸಾಹೇಬ್ರುನ್ನ ಕರ್ಕೊಂಡ್ ಬರೋಗಂಟ ನಾನ್ ಎದ್ದೇಳಕಿಲ್ಲ ಅಂದವ್ಳೆ.”

“ಯಾವ ಬಂಡೆ?” ಗೊತ್ತಿದ್ದೂ ಕೇಳಿದ.

“ಇನ್ಯಾವ್ದು ಸಾ, ನಮ್ಮ ಹುರುಳಿಬಂಡೆ. ಕ್ವಾರಿಯವ್ರು ಮೂರು ಮೂಲೆ ತಿಂದಾಕವ್ರೆ. ಉಳ್ದಿರಾದು ನಮ್ಮ ಕಲ್ಮೀಸೆ ಮೂಲೆ ಒಂದೇಯಾ. ಇವತ್ ನಾಕು ಗಂಟೆಗೆ ನಿನ್ ಎಂಡ್ರುನ್ನ ಎತ್ತಿ ಪಕ್ಕಕ್ಕಿಕ್ಕಿ ಮದ್ದು ಸಿಡಿಸ್ತೀವಿ ಅಂದವ್ರೆ.” ಅಡವಿಯಪ್ಪನಿಗೆ ಸಿಟ್ಟು ಬಂದಿರಲಿಲ್ಲ, ಲ್ಯಾಬಿನಲ್ಲಿ ಗ್ಯಾಸ್ ಮುಗಿದಿದೆ ಎಂದು ಹೇಳುತ್ತಿದ್ದ ದನಿಯಲ್ಲೇ ಹೇಳುತ್ತಿದ್ದ. “ಅರ್ಜಿ ತಗೊಂಡು ಆಪೀಸಿಗೆ ಹೋಗಿದ್ದೆ ಸಾ. ಅಪರೂಪದ್ ಸಸ್ಯ ಐತೆ, ಸಾಹೇಬ್ರು ಬರ್ದವ್ರೆ ಅಂದೆ. ಅವ್ರು ನಿಮ್ಮ ಪುಸ್ತಕದ ಹಾಳೆನೇ ತಗ್ದು ತೋರಿಸ್ಬುಟ್ರು. ಅದ್ರಾಗೆ ಗುಬ್ಬಿ ತಾಲ್ಲೂಕು ಅಂತೈತಂತೆ. ಗುಬ್ಬಿ ಬಿಟ್ರೆ ಪರ್ಪಂಚದಾಗೇ ಎಲ್ಲೂ ಇಲ್ಲ ಅಂತೈತಂತೆ. ನಿಂದು ಬರೀ ಪಾಚಿ ಕಣಯ್ಯ, ನಡಿ ಅಂದ್ರು. ಟೈಪ್ ಮಾಡೋನು ತಪ್ಪು ಮಾಡವ್ನೆ ಸಾ. ಕುಣಿಗಲ್ ಅನ್ನಕ್ಕೆ ಗುಬ್ಬಿ ಅಂತ ಒಡ್ದವ್ನೆ.”

ಬಸವಪ್ರಭು ಅವನ ಮುಖದಲ್ಲಿ ಏನೋ ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ಟೈಪು ಮಾಡುವವರು ತಪ್ಪು ಮಾಡುತ್ತಾರೆ, ಅಷ್ಟೇ.

“ಇವತ್ ದೊಡ್ ಸಾಹೇಬ್ರು ಗುಬ್ಬಿಗೆ ಬರ್ತಾರಂತಲ್ಲ. ನೀವು ಒಂದ್ ಮಾತು ಹೇಳಿ ಸಾ. ಆ ಬಂಡೆ ಅಲ್ಲ, ಈ ಬಂಡೆ ಅಂತ. ಅವ್ರು ಅಲ್ಲಿಂದ್ಲೇ ಫೋನ್ ಮಾಡಿದ್ರೆ ಮದ್ದು ನಿಲ್ತದೆ. ತೋರಿಸಕ್ಕೆ ಅಂತ ಇದ್ನ ತಂದಿವ್ನಿ. ಬುಡ ಸಮೇತ ಬಿಡಿಸ್ಕೊಂಡೆ, ಬಿಡಿಸ್ಬಾರ್ದಿತ್ತು, ಆದ್ರೂ.” ಪೊಟ್ಟಣ ಮುಂದೆ ಬಂತು.

“ಸೀ, ಅಡವಿಯಪ್ಪಾ,” ಬಸವಪ್ರಭು ಗಂಟಲು ಸರಿಪಡಿಸಿಕೊಂಡ. “ಸೈನ್ಸ್‌ನಲ್ಲಿ ಅರ್ಜೆಂಟ್ ಅನ್ನೋದಿಲ್ಲ. ಎಲ್ಲಕ್ಕೂ ಒಂದು ಪ್ರೊಸೀಜರ್ ಅಂತ ಇರುತ್ತೆ. ನೋಡೋಣ.”

“ನೋಡಿ ಸಾ,” ಎಂದ ಅಡವಿಯಪ್ಪ. ಪೊಟ್ಟಣವನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡ.

ಜೀಪಿನ ಮುಂದಿನ ಸೀಟು ಡಾಕ್ಟರ್ ಬಸವಪ್ರಭುವಿಗೆ. ಹಿಂದೆ ಜೂವಾಲಜಿಯ ರವೀಶ್, ಇಲಾಖೆಯ ಒಬ್ಬ ಗುಮಾಸ್ತ, ಹೂವಿನ ಹಾರಗಳ ಬುಟ್ಟಿ, ಅದರಾಚೆ ಬಾಗಿಲ ಬಳಿ ಅಡವಿಯಪ್ಪ. ಗೂಳೂರಿನ ಕಡೆ ಹೋಗುವ ತಿರುವು ಬಂದಾಗ ಎಡಕ್ಕೆ ಹೊರಳು ಎಂದು ಡ್ರೈವರಿಗೆ ಹೇಳಿದರೆ ಏನಾಗುತ್ತದೆ ಎಂದು ಬಸವಪ್ರಭು ಯೋಚಿಸಿದ. ಗೂಳೂರು, ಅಲ್ಲಿಂದ ಕುಣಿಗಲ್ಲು, ಕೊತ್ತಗೆರೆ, ಆಮೇಲೆ ಎರಡು ಮೈಲಿ ಮಣ್ಣುರಸ್ತೆ. ಹನ್ನೆರಡರ ಒಳಗೆ ಕರಿಬಸಮ್ಮನ ಎದುರು ನಿಂತಿರಬಹುದು. ತಿರುವು ಹಿಂದೆ ಹೋಯಿತು. ತಾನು ಹೇಳಲಿಲ್ಲ ಎನ್ನುವುದಕ್ಕಿಂತ, ಹೇಳದಿರುವುದು ಇಷ್ಟು ಸಲೀಸು ಎಂಬುದು ಅವನಿಗೆ ಸೋಜಿಗವೆನಿಸಿತು. ಹುರುಳಿಬಂಡೆ ಆವತ್ತು ಕೆಂಡದ ಹಾಗೆ ಕಾದಿತ್ತು. ತೊಂಬತ್ತೆರಡರ ಮಾರ್ಚಿ. ಅವನೂ ಅಡವಿಯಪ್ಪನೂ ಹೊಟ್ಟೆಯ ಮೇಲೆ ಮಲಗಿದ್ದರು, ಗೋಣಿತಾಟು ಹಾಸಿಕೊಂಡು, ಒಂದೇ ಲೆನ್ಸನ್ನು ಸರದಿಯಂತೆ ಹಿಡಿದುಕೊಂಡು. ಹುರುಳಿ ಬಡಿಯುವವರು ಬಂಡೆಯ ಉಳಿದ ಮೂರು ಮೂಲೆಗಳಲ್ಲಿ ಬಡಿದು, ಗುಡಿಸಿ, ತೂರುತ್ತಿದ್ದರು. ಈ ಮೂಲೆಗೆ ಮಾತ್ರ ಪೊರಕೆ ಸೋಕಿಸುತ್ತಿರಲಿಲ್ಲ. ಯಾಕೆ ಎಂದರೆ ಯಾರಿಗೂ ಗೊತ್ತಿರಲಿಲ್ಲ. ‘ಅದು ಕಲ್ಲಜ್ಜನ ಮೀಸೆ ಸಾ, ಬೋಳ್ಸಬಾರ್ದು ಅಂತಿದ್ಲು ನಮ್ಮವ್ವ’ ಎಂದಿದ್ದ ಅಡವಿಯಪ್ಪ. ಕಪ್ಪು ಬೂದಿಯ ಉಂಡೆಗಳ ಹಾಗೆ, ಹೆಬ್ಬೆರಳಿಗಿಂತ ದೊಡ್ಡದಿಲ್ಲ ಒಂದೂ, ತುದಿಯಲ್ಲಿ ನರೆತ ಕೂದಲು. ಸತ್ತು ಎಷ್ಟೋ ಕಾಲವಾದ ಹಾಗೆ. ಅಡವಿಯಪ್ಪ ಲ್ಯಾಬಿನಿಂದ ತಂದಿದ್ದ ವಾಶ್ ಬಾಟಲಿನಿಂದ ನಾಲ್ಕು ಹನಿ ಪಿಚಕಾಯಿಸಿ, ಒಂದು, ಎರಡು, ಎಂದು ಎಣಿಸತೊಡಗಿದ. ಏಳಕ್ಕೆ ಉಂಡೆ ಅಲುಗಿತು. ಹತ್ತಕ್ಕೆ ಅದು ಕಣ್ಣು ಬಿಟ್ಟ ಹಾಗೆ ಬಿಚ್ಚಿಕೊಂಡು, ಎಳೆಯ ರಾಗಿ ಪೈರಿನ ಹಸಿರಾಗಿ, ಬಿಸಿಲಿನಲ್ಲಿ ಹೊಳೆಯಿತು. ಬಸವಪ್ರಭುವಿಗೆ ಆವತ್ತು ಮೂವತ್ತೆರಡು ವರ್ಷ. ಹಾವಸೆಗಳ ಎಷ್ಟು ಪುಸ್ತಕ ತಿರುವಿದರೂ ಇದಕ್ಕೆ ಹೊಂದುವ ಚಿತ್ರ ಸಿಗಲಾರದೆಂದು ನೋಡಿದ ಕ್ಷಣದಲ್ಲೇ ಗೊತ್ತಾಗಿ, ಯಾರ ದನಿಯೂ ಅಲ್ಲದ ಒಂದು ದನಿಯಲ್ಲಿ ‘ಅಯ್ಯೋ’ ಎಂದಿದ್ದ. ಆಮೇಲೆ ಕರಿಬಸಮ್ಮ ತಂದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಇಬ್ಬರೂ ಬಂಡೆಯ ಮೇಲೇ ಕೂತು ತಿಂದಿದ್ದರು.

“ಏನೋ ಪ್ರಭು, ಮೌನಾನುಷ್ಠಾನ?” ಹಿಂದಿನಿಂದ ರವೀಶ್ ಕೂಗಿದ. “ನಾನೂ ಜೂವಾಲಜಿಲಿ ಇಪ್ಪತ್ತು ವರ್ಷದಿಂದ ಕಪ್ಪೆ ಕುಯ್ತಿದೀನಿ, ಒಂದು ಕಪ್ಪೆಗೂ ನಮ್ಮೂರ ಹೆಸರಿಡಕ್ಕಾಗ್ಲಿಲ್ಲ. ನೀನು ನೋಡು, ಪಾಚಿ ಮೇಲೆ ಗುಬ್ಬಿ ಕೂರಿಸ್ದೆ. ಸ್ವಲ್ಪ ಮಾಡೋ, ನಮ್ಮ ಅಡವಿಯಪ್ಪನೇ ಇದಾನೆ, ‘ಸಾ ಸತ್ತಿಲ್ಲ ಸಾ’ ಮಾಡು. ಕೇಳಿ ಎಷ್ಟು ದಿನ ಆಯ್ತು!”

“ಸುಮ್ನಿರೋ.”

“ಮಾಡಿ ಸಾ,” ಎಂದ ಬಾಗಿಲ ಬಳಿಯಿಂದ ಅಡವಿಯಪ್ಪ. ಕಿಂಡಲ್ಲೋ, ಅಪ್ಪಣೆಯೋ ತಿಳಿಯಲಿಲ್ಲ.

ಅದನ್ನು ಮೊದಲು ಮಾಡಿದ್ದು ಬಂಡೆ ನೋಡಿ ಬಂದ ಮುಂದಿನ ವಾರವೇ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವನ ಹೊಸ ಶೋಧದ ಬಗ್ಗೆ ಕೇಳುತ್ತಿದ್ದರು, ಹೇಗೆ ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು. ನಿಜ ಹೇಳಿಬಿಡುವ ದಾರಿಯಲ್ಲಿ ಅರ್ಧಕ್ಕೆ ಬಂದವನು, ಅಡವಿಯಪ್ಪ ಎಂಬ ಹೆಸರು ನಾಲಗೆಗೆ ಬಂದದ್ದೇ, ಆ ಹೆಸರಿನ ಜಾಗಕ್ಕೆ ಆ ಕೆಮ್ಮನ್ನು ಕೆಮ್ಮಿದ. ಭುಜ ಬಾಗಿಸಿ, ಕೈಯಲ್ಲಿಲ್ಲದ ಟ್ರೇ ಹಿಡಿದು, ‘ಸಾ, ಸತ್ತಿಲ್ಲ ಸಾ ಇದು, ರಜಾ ಹಾಕೈತೆ!’ ನಗು ಸ್ಫೋಟಿಸಿತು. ನಗುವಿನಲ್ಲಿ ಶೋಧಿಸಿದವನು ಯಾರು ಎಂಬ ಪ್ರಶ್ನೆ ಎತ್ತಲೋ ತೇಲಿಹೋಯಿತು. ಅಟೆಂಡರು ಏನೋ ಹೇಳಿದನಂತೆ, ಸಾಹೇಬರು ಏನೋ ಕಂಡರಂತೆ. ತಿರುಗಿ ನೋಡಿದರೆ ಅಡವಿಯಪ್ಪ ಟೀ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಬ್ಬೊಬ್ಬರಿಗೂ ಟೀ ಸುರಿದು ಕೊನೆಗೆ ಬಸವಪ್ರಭುವಿನ ಲೋಟ ತುಂಬಿ, ‘ಸಾ, ನನ್ ಕೆಮ್ಮು ಇನ್ನೊಸಿ ಆಳದಿಂದ ಬರ್ತದೆ ಸಾ’ ಎಂದು ತಿದ್ದಿದ. ಕೋಣೆ ಮತ್ತೆ ಬಿದ್ದು ಬಿದ್ದು ನಕ್ಕಿತು. ಆ ಟೀಯನ್ನು ಕುಡಿಯಲಾಗಲಿಲ್ಲ. ಆದರೆ ಆ ದಿನದಿಂದ ಕೆಮ್ಮನ್ನು ಇನ್ನೂ ಆಳದಿಂದ ತೆಗೆಯತೊಡಗಿದ.

ಟೈಪು ಮಾಡಿದ ಹುಡುಗಿ ತಪ್ಪು ಮಾಡಿರಲಿಲ್ಲ. ಶಿರಾ ಗೇಟಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅವಳು ಬೆರಳು ಎತ್ತಿಕೊಂಡು ‘ಸರ್, ಯಾವ ತಾಲ್ಲೂಕು?’ ಎಂದು ಕೇಳಿದ್ದಳು. ಕರಡಿನಲ್ಲಿ ಆ ಜಾಗವನ್ನು ಅವನೇ ಖಾಲಿ ಬಿಟ್ಟಿದ್ದ. ‘ಗುಬ್ಬಿ ಅಂತ ಹಾಕಮ್ಮ’ ಎಂದ. ಜಾಗ ಗೊತ್ತಾದರೆ ಬೆಂಗಳೂರಿನವರು ಬಂದು ಬಾಚಿಕೊಂಡು ಹೋಗುತ್ತಾರೆ, ಗಿಡದ ರಕ್ಷಣೆಗಾಗಿ ಒಂದು ಸಣ್ಣ ಸುಳ್ಳು. ಹಾಗೆಂದು ಅನುಪಮಾಳಿಗೆ ಹೇಳಿದ್ದ, ಹಾಗೆಂದು ತನಗೂ ಹೇಳಿಕೊಂಡಿದ್ದ, ತನಗೆ ಹೇಳುವಾಗ ಸ್ವಲ್ಪ ಗಂಭೀರವಾದ ದನಿ ಬಳಸಿದ್ದ. ಕೊತ್ತಗೆರೆ ಎಂದು ಅಚ್ಚಾದರೆ ಕಾಲೇಜಿನಲ್ಲಿ ಪ್ರತಿಯೊಬ್ಬರೂ ‘ಅರೆ, ನಮ್ಮ ಅಡವಿಯಪ್ಪನ ಊರಲ್ಲವೇ?’ ಎನ್ನುತ್ತಾರೆ ಎಂಬುದನ್ನು ಯಾವ ದನಿಯಲ್ಲೂ ಹೇಳಿಕೊಂಡಿರಲಿಲ್ಲ. ಆಮೇಲೆ ಸುಳ್ಳಿಗೆ ಕಾಲು ಬಂದವು. ಹೆಸರಿಡುವಾಗ ಗೈಡು, ಸಿಕ್ಕ ಊರಿನ ಹೆಸರನ್ನೇ ಲ್ಯಾಟಿನ್ ಮಾಡಿ ಬಿಡಪ್ಪ ಎಂದರು, ‘ಗುಬ್ಬಿಯೆನ್ಸಿಸ್’ ಆಯಿತು. ಡಾಕ್ಟರೇಟಾಯಿತು, ಬಡ್ತಿಯಾಯಿತು, ಅಳಿವಿನಂಚಿನ ಸಸ್ಯಗಳ ಸಮಿತಿಯಲ್ಲಿ ಕುರ್ಚಿಯಾಯಿತು. ಊರ ಹೆಸರು ಲ್ಯಾಟಿನ್ನಿನಲ್ಲಿದೆಯೆಂದು ಗೊತ್ತಾದದ್ದೇ ಗುಬ್ಬಿಯವರು ಹಿಗ್ಗಿ ಹಾರ ಹಾಕಿದರು. ತೋರಿಸಲೇಬೇಕಾಗಿ ಬಂದು ಒಂದು ಭಾನುವಾರ ಹೋಗಿ, ಊರಾಚೆಯ ಆನೆಬಂಡೆಯನ್ನು ಬೆರಳಿನಲ್ಲಿ ತೋರಿಸಿ ಬಂದ. ಅಲ್ಲಿ ಇದ್ದದ್ದು ಮಳೆನೀರಿನ ಕರಿ ಕಲೆ.

ಆನೆಬಂಡೆಯ ಬುಡದಲ್ಲಿ ಶಾಮಿಯಾನ ಹಾಕಿದ್ದರು. ಸುತ್ತ ಹೊಸ ತಂತಿಬೇಲಿ, ಗೇಟಿಗೆ ಹಸಿರು ಬಣ್ಣ. ಜೀಪಿನಿಂದ ಇಳಿದವನು ಬಂಡೆ ನೋಡಿ ನಿಂತುಬಿಟ್ಟ. ದೊಡ್ಡ ಸಾಹೇಬರು ಬರುತ್ತಾರೆಂದು ಸ್ವಾಗತ ಸಮಿತಿಯವರು ಎರಡು ದಿನ ಟ್ಯಾಂಕರಿನಲ್ಲಿ ನೀರು ತರಿಸಿ, ತೆಂಗಿನ ನಾರಿನಲ್ಲಿ ಉಜ್ಜಿ, ಇಡೀ ಬಂಡೆಯನ್ನು ತೊಳೆದಿದ್ದರು. ಕರಿ ಕಲೆಯೂ ಇರಲಿಲ್ಲ. ಬುಡದ ಸುತ್ತ ದೇವಸ್ಥಾನದ ಗೋಡೆಗೆ ಬಳಿಯುವ ಹಾಗೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಬಳಿದಿದ್ದರು. “ಹೆಂಗೈತೆ ಸಾ? ತುಂಬ ಪಾಚಿ ಕಟ್ಟಿತ್ತು, ಎಲ್ಲ ತಗ್ದಾಕ್ಸಿದೀವಿ,” ಎಂದ ಹೊಸದಾಗಿ ನೇಮಕವಾಗಿದ್ದ ಕಾವಲುಗಾರ ಯಲ್ಲಯ್ಯ, ಖಾಕಿ ಅಂಗಿಯ ಇಸ್ತ್ರಿ ಮುರಿಯದಂತೆ ಸೆಟೆದು ನಿಂತು. ನಗು ಬರಬೇಕಿತ್ತು. ಸಂಜೆ ಸ್ಟಾಫ್ ರೂಮಿಗೆ ಎಂಥ ಸರಕು! ರವೀಶ್ ಆಗಲೇ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದ. ಗೇಟಿನ ಪಕ್ಕದ ಹೊಸ ಬೋರ್ಡಿನ ಮುಂದೆ ಅಡವಿಯಪ್ಪ ನಿಂತು, ಒಂದೊಂದೇ ಅಕ್ಷರವನ್ನು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ನಾಲಗೆಯಿಂದ ಎತ್ತಿ ಓದುತ್ತಿದ್ದ. “ಜಗತ್ತಿನಲ್ಲೇ... ಇಲ್ಲಿ ಮಾತ್ರ... ಬೆಳೆಯುವ ಹಾವಸೆ. ಶೋಧಿಸಿದವರು... ಡಾಕ್ಟರ್ ಬಸವಪ್ರಭು. ಮುಟ್ಟಬಾರದು.” ಓದಿ ಮುಗಿಸಿ ಬಂಡೆಯನ್ನು ನೋಡಿದ, ಅಂಗೈಯಿಂದ ಸವರಿದ. “ಇಲ್ಲಿ ಹುಟ್ಟಕಿಲ್ಲ ಸಾ ಅದು. ಕಲ್ಲೇ ಬ್ಯಾರೆ,” ಎಂದ. ಇಬ್ಬರೂ ಬೋರ್ಡನ್ನೇ ನೋಡುತ್ತಿದ್ದರು. “ಬೋರ್ಡು ಬರ್ದೋನೂ ತಪ್ಪು ಮಾಡವ್ನೆ,” ಎಂದ ಆಮೇಲೆ. ಬಸವಪ್ರಭು ಅವನ ಕಡೆ ತಿರುಗಲಿಲ್ಲ. ತಿರುಗಿದರೆ ಆ ಮುಖದಲ್ಲಿ ಗೊತ್ತಿದೆಯೋ ಗೊತ್ತಿಲ್ಲವೋ ಎಂಬುದು ತಿಳಿದುಬಿಡುತ್ತಿತ್ತು.

ಸಾಹೇಬರು ಬಂದಾಗ ಒಂದು ಗಂಟೆ. ರಿಬ್ಬನ್ನು ಕತ್ತರಿಸಿದರು, ಮಾತಾಡಿದರು. ‘ಕಲ್ಲಿನಲ್ಲಿ ಜೀವ ಕಂಡವರು’ ಎಂದು ಅವರು ಹೇಳಲೇ ಇಲ್ಲ, ‘ಇವರೇನೋ ಪಾಚಿಯಲ್ಲಿ ಎಕ್ಸ್‌ಪರ್ಟಂತೆ’ ಎಂದರು. ಕುರ್ಚಿಯಲ್ಲಿ ಕೂತ ಬಸವಪ್ರಭು ಒಂದೇ ವಾಕ್ಯವನ್ನು ತಿರುಗಿಸಿ ಮುರುಗಿಸಿ ಕಟ್ಟುತ್ತಿದ್ದ. ‘ಸಾರ್, ಒಂದು ತಪ್ಪಾಗಿದೆ.’ ಅಷ್ಟೇ. ಟೈಪಿಸ್ಟಿನ ತಪ್ಪು ಎಂದರೂ ಆಯಿತು, ಅಡವಿಯಪ್ಪ ಆ ಸೇತುವೆಯನ್ನು ಕಟ್ಟಿಯೇ ಕೊಟ್ಟಿದ್ದಾನೆ, ಮೇಲೆ ನಡೆದು ಹೋಗುವುದೊಂದೇ ಬಾಕಿ. ಆದರೆ ಟೈಪಿಸ್ಟಿನ ತಪ್ಪು ಹತ್ತು ವರ್ಷ ಯಾಕೆ ತಿದ್ದಿಲ್ಲ ಎಂದು ಕೇಳಿದರೆ? ಹೆಸರೇ ಗುಬ್ಬಿಯಲ್ಲವೇ, ಲ್ಯಾಟಿನ್ನನ್ನೂ ಟೈಪಿಸ್ಟೇ ಇಟ್ಟಳೇ? ಡಾಕ್ಟರೇಟು ಹೋಗಲಿ, ಕುರ್ಚಿ ಹೋಗಲಿ. ನಾಳೆ ಸ್ಟಾಫ್ ರೂಮಿನಲ್ಲಿ ರವೀಶ್ ಎದ್ದು ನಿಂತು, ಭುಜ ಬಾಗಿಸಿ, ಗಂಟಲು ಸರಿಪಡಿಸಿಕೊಂಡು, ‘ಸಾರ್, ಒಂದು ತಪ್ಪಾಗಿದೆ’ ಎಂದು ಶುರುಮಾಡುವುದು ಕಣ್ಣಿಗೆ ಕಟ್ಟಿತು. ಎಲ್ಲರೂ ನಗುವುದು. ಯಾರೋ ಬಂದು ಅವನಿಗೂ ಟೀ ಸುರಿಯುವುದು. ಕಳೆದುಕೊಳ್ಳುವುದಕ್ಕೆ ಇಷ್ಟೆಲ್ಲ ಇದ್ದೂ ತಾನು ಹೆದರುತ್ತಿರುವುದು ಇದಕ್ಕೇ ಎಂಬುದು ಹೊಳೆಯಿತು.

“ಎಲ್ಲಿ ಪ್ರೊಫೆಸರ್, ನಿಮ್ಮ ಹೀರೋ?” ಸಾಹೇಬರು ಬಂಡೆಯ ಮೇಲೆ ನಿಂತು ಕೂಗಿದರು. “ಬರೀ ಕಲ್ಲು ಕಾಣ್ತಿದೆ! ಬನ್ನಿ ಬನ್ನಿ, ನೀರು ಹಾಕಿದ್ರೆ ಹಸಿರಾಗುತ್ತಂತಲ್ಲ, ಅದನ್ನ ತೋರಿಸಿ. ಫೋಟೋದವರು ಕಾಯ್ತಿದಾರೆ.”

ಬಂಡೆ ಹತ್ತಿದ. ಪಕ್ಕದಲ್ಲೇ ಅಡವಿಯಪ್ಪ ಹತ್ತಿ ಬಂದು, ಪೊಟ್ಟಣವನ್ನು ಅವನ ಅಂಗೈಯಲ್ಲಿಟ್ಟ. “ಹೇಳಿ ಸಾ,” ಎಂದ ಮೆಲ್ಲಗೆ.

“ಸಾರ್, ಒಂದು...”

“ಒಂದು?”

“ಒಂದು ನಿಮಿಷ ಸಾರ್.”

ಅವನು ಜನರಿಗೆ ಬೆನ್ನು ಮಾಡಿ ಬಗ್ಗಿದ. ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆಗಳು ನೆನಪಾದವು. ಗುರುತಿಸಬೇಕಾದ ಮಾದರಿಗಳನ್ನು, ಸ್ಪಾಟರುಗಳೆಂದು ಕರೆಯುವ ಅವನ್ನು, ಹೊರಗಿನ ಎಕ್ಸಾಮಿನರು ಬರುವ ಮುಂಚೆ ಅಡವಿಯಪ್ಪ ಟೇಬಲಿನ ಮೇಲೆ ನಂಬರು ಹಾಕಿ ಜೋಡಿಸುತ್ತಿದ್ದ. ಒಣಗಿದ್ದಕ್ಕೆ ನೀರು ಪಿಚಕಾಯಿಸುತ್ತಿದ್ದ. ಇಲ್ಲದ್ದಕ್ಕೆ ಇದ್ದದ್ದನ್ನು ಇಡುತ್ತಿದ್ದ. ಎಂಬತ್ತೊಂಬತ್ತರಲ್ಲಿ ಮಾದರಿ ಸಿಗದೆ ಹೀರೇಕಾಯಿ ಸಿಪ್ಪೆಯ ಚೂರನ್ನು ಗಾಜಿನ ಕೆಳಗೆ ಇಟ್ಟದ್ದಕ್ಕೆ ಇಪ್ಪತ್ತೆರಡು ಹುಡುಗರು ಚಿತ್ರ ಬರೆದು, ಭಾಗ ಗುರುತಿಸಿ, ಎಕ್ಸಾಮಿನರು ಇಪ್ಪತ್ತೆರಡಕ್ಕೂ ರೈಟು ಹಾಕಿದ್ದರು. ‘ಹೊರಗಿನವ್ರು ಕೇಳ್ದಾಗ ಇರ್ಬೇಕು ಸಾ, ಅಷ್ಟೇಯ’ ಎಂದಿದ್ದ ಅಡವಿಯಪ್ಪ. ಬಾಳೆನಾರು ಬಿಚ್ಚಿತು. ಪೇಪರಿನೊಳಗೆ ಕಪ್ಪು ಉಂಡೆ, ನರೆತ ಕೂದಲು, ಬುಡದಲ್ಲಿ ಹುರುಳಿಬಂಡೆಯ ಚೂರು ಮರಳು. ಬಂಡೆಯ ಸಂದಿಯೊಂದನ್ನು ಬೆರಳು ತಾನಾಗಿಯೇ ಹುಡುಕಿತು. ಉಂಡೆಯನ್ನು ಅದರೊಳಗೆ ಒತ್ತಿ, ಪೇಪರನ್ನು ಜೇಬಿಗೆ ತುರುಕಿದ. ಈಗಲೂ ಹೇಳಬಹುದು. ಈ ಕ್ಷಣಕ್ಕೂ.

“ಅಡವಿಯಪ್ಪ, ನೀರು.”

ಹೇಳಿದ ಮೇಲೆ ಗೊತ್ತಾಯಿತು, ಅದು ತನ್ನ ಲ್ಯಾಬಿನ ದನಿ. ಒಂದು ಕ್ಷಣ ಬೆನ್ನ ಹಿಂದೆ ಏನೂ ಅಲುಗಲಿಲ್ಲ. ಆಮೇಲೆ ವೇದಿಕೆಯಿಂದ ಯಾರೋ ಕೊಟ್ಟ ನೀರಿನ ಬಾಟಲಿ ಹಿಡಿದ ಕೈ ಅವನ ಭುಜದ ಪಕ್ಕದಿಂದ ಚಾಚಿ ಬಂತು; ಹೆಬ್ಬೆರಳು ಬಾಟಲಿಯ ಬಾಯನ್ನು ಅರ್ಧ ಮುಚ್ಚಿ, ವಾಶ್ ಬಾಟಲಿನ ಹಾಗೆ ಸಣ್ಣ ಧಾರೆಯನ್ನು, ಒಂದು ಹನಿಯೂ ಆಚೀಚೆ ಹೋಗದಂತೆ ಬಿಟ್ಟಿತು. ಯಾರೂ ಎಣಿಸಲಿಲ್ಲ. ಬಸವಪ್ರಭುವಿನೊಳಗೆ ಯಾರೋ ಎಣಿಸಿದರು. ಹತ್ತಕ್ಕೆ ಅದು ಬಿಚ್ಚಿಕೊಂಡಿತು, ಹನ್ನೊಂದು ವರ್ಷದ ಹಿಂದಿನಷ್ಟೇ ಹಸಿರಾಗಿ, ಎಲ್ಲಿದ್ದೇನೆಂದು ಕೇಳದೆ.

“ಮೈ ಗಾಡ್!” ಎಂದರು ಸಾಹೇಬರು. ಚಪ್ಪಾಳೆ, ಫ್ಲ್ಯಾಶು. ಸಾಹೇಬರಿಗೆ ಖುಷಿಯಾಗಿ ಬಾಟಲಿ ಹಿಡಿದವನ ಬೆನ್ನು ತಟ್ಟಿದರು. “ಏನಜ್ಜಾ, ನೀವು ಈ ಕಡೆಯವರೇನಾ? ಮೊದಲಿಂದ್ಲೂ ಇದು ಇಲ್ಲೇ ಇತ್ತಾ?”

ಅಡವಿಯಪ್ಪ ಬಸವಪ್ರಭುವನ್ನು ನೋಡಿದ. ಎಕ್ಸಾಮಿನರು ಟೇಬಲಿನ ಮುಂದೆ ಬಂದು ನಿಂತಾಗ ಮೂವತ್ತೊಂದು ವರ್ಷ ಇದ್ದ ಮುಖ ಅದು.

“ಊಂ ಸಾ,” ಎಂದ. “ಇಲ್ದಿದ್ರೆ ನಮ್ಮ ಸಾಹೇಬ್ರು ಸುಳ್ಳು ಬರೀತಾರಾ?”

ಊಟಕ್ಕೆ ಒಬ್ಬಟ್ಟಿತ್ತು. ಬಸವಪ್ರಭುವಿನ ಎಲೆಗೆ ಸಾಹೇಬರೇ ಹೇಳಿ ಇನ್ನೊಂದು ಹಾಕಿಸಿದರು, ವಿಸಿಟಿಂಗ್ ಕಾರ್ಡು ಕೊಟ್ಟರು, ಯಾವಾಗ ಬೇಕಾದರೂ ಫೋನು ಮಾಡಿ ಎಂದರು. ಅವರ ಕಾರು ಹೋದ ಮೇಲೆ ಅವನು ಅಡವಿಯಪ್ಪನನ್ನು ಹುಡುಕಿದ. ಶಾಮಿಯಾನದ ಹಿಂದೆ, ಡ್ರಮ್ಮಿನ ಪಕ್ಕದಲ್ಲಿ, ಉಣ್ಣದ ಕೈಯನ್ನು ತೊಳೆಯುತ್ತಿದ್ದ. ಹೆಬ್ಬೆರಳನ್ನೇ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಅಡುಗೆಯವರು, ಶಾಮಿಯಾನ ಬಿಚ್ಚುವವರು ನಾಲ್ಕೈದು ಜನ ಸುತ್ತ ಕೂತಿದ್ದರು. ಗಂಟೆ ಎರಡೂವರೆ ದಾಟಿತ್ತು.

“ಅಡವಿಯಪ್ಪ, ಅಷ್ಟು ಜನರ ಮುಂದೆ ಹೇಳಕ್ಕಾಗ್ಲಿಲ್ಲ. ನಾಳೆ ಬೆಳಿಗ್ಗೆನೇ ನಾನು ಕುಣಿಗಲ್ಲಿಗೆ ಬಂದು, ಲೆಟರ್ ಕೊಟ್ಟು...”

ಅಡವಿಯಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ನೆಟ್ಟಗೆ ನಿಂತ. ಬಲಗೈ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿತು. ಗದ್ದ ಸ್ವಲ್ಪ ಮೇಲೆದ್ದಿತು. ಗಂಟಲು ಎರಡು ಸಲ ಸರಿಯಾಯಿತು. “ಸೀ, ಅಡವಿಯಪ್ಪಾ,” ಎಂದ. ಆ ‘ಪ್ಪಾ’ ಎಳೆದ ಬಗೆ, ಆಮೇಲಿನ ಬೇಸರದ ಸಣ್ಣ ಉಸಿರು, ಎಲ್ಲವೂ. “ಸೈನ್ಸ್‌ನಲ್ಲಿ ಅರ್ಜೆಂಟ್ ಅನ್ನೋದಿಲ್ಲ. ಎಲ್ಲಕ್ಕೂ ಒಂದು ಪ್ರೊಸೀಜರ್ ಅಂತ ಇರುತ್ತೆ. ನೋಡೋಣ.”

ಶಾಮಿಯಾನದವರು ಘೊಳ್ಳೆಂದು ನಕ್ಕರು. ಯಾರ ನಕಲೆಂದು ಅವರಿಗೆ ಗೊತ್ತಾಗಬೇಕಿರಲಿಲ್ಲ, ಇಂಥವನೊಬ್ಬ ಎಲ್ಲ ಆಫೀಸಿನಲ್ಲೂ ಇರುತ್ತಾನೆ. ತಾಂಬೂಲದ ಚೀಲ ಹಿಡಿದು ಬರುತ್ತಿದ್ದ ರವೀಶ್ ಮಾತ್ರ ನಿಂತಲ್ಲೇ ನಿಂತು, ನಗಲೂ ಆಗದೆ, “ಅಯ್ಯೋ ಶಿವನೇ” ಎಂದ. ಇಷ್ಟು ವರ್ಷ ಟೀ ಸುರಿಯುತ್ತ, ಟ್ರೇ ಹೊರುತ್ತ, ಈ ಮನುಷ್ಯ ತನ್ನನ್ನು ಇಷ್ಟು ಚೆನ್ನಾಗಿ ಕಲಿತಿದ್ದಾನೆಂದು, ಕಲಿತು ಒಂದು ದಿನವೂ ಬಳಸಿಲ್ಲವೆಂದು ಬಸವಪ್ರಭುವಿಗೆ ತಿಳಿದಿರಲಿಲ್ಲ. ಅಡವಿಯಪ್ಪ ನಗಲಿಲ್ಲ. ಮತ್ತೆ ತನ್ನ ಬೆನ್ನಿಗೆ, ತನ್ನ ಕೆಮ್ಮಿಗೆ ಮರಳಿದ. “ಅವ್ಳು ಕಾಯ್ತಿರ್ತಾಳೆ ಸಾ, ಬತ್ತೀನಿ,” ಎಂದು ಗೇಟು ದಾಟಿ, ಬಸ್ಸು ಸಿಗುವ ರಸ್ತೆಯ ಕಡೆ ನಡೆದ. ಜೀಪಿನಲ್ಲಿ ಬಾ ಎಂದು ಯಾರೂ ಕರೆಯಲಿಲ್ಲ.

“ಬಾರೋ ಪ್ರಭು, ಹೊರಡೋಣ,” ರವೀಶ್ ತೋಳು ಹಿಡಿದ. “ಬಿಡೋ, ಏನೋ ಕೋಪದಲ್ಲಿ... ಆದ್ರೂ ಅಸಲಿಗಿಂತ ಚೆನ್ನಾಗಿ ಮಾಡ್ದ ಕಣೋ.”

“ನೀವು ಹೋಗಿ. ನಾನು ಬಸ್ಸಿಗೆ ಬರ್ತೀನಿ.”

ಜೀಪು ಹೋಯಿತು. ಬಿಸಿಲಿನಲ್ಲಿ ಬರಿಯ ಕುರ್ಚಿಗಳ ಸಾಲು. ಸಾಹೇಬರ ಕಾರ್ಡು ಜೇಬಿನಲ್ಲಿತ್ತು, ಗುಬ್ಬಿ ಪೇಟೆಯಲ್ಲಿ ಎಸ್‌ಟಿಡಿ ಬೂತುಗಳು ಸಾಲಾಗಿದ್ದವು, ನಡೆದರೆ ಇಪ್ಪತ್ತು ನಿಮಿಷ. ನಡೆದರೆ ಎಂದು ಎಷ್ಟು ಹೊತ್ತು ಕೂತಿದ್ದನೋ. ಏಳು ಎಂದು ತನ್ನನ್ನು ಪ್ರಿನ್ಸಿಪಾಲರ ದನಿಯಲ್ಲಿ ಗದರಿದ, ಸಾಹೇಬರ ದನಿಯಲ್ಲಿ ರಮಿಸಿದ. ಇಲ್ಲ, ಬರಿಗೈಯಲ್ಲಿ ಫೋನಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ. ಮೊದಲು ಅದನ್ನು ಬಿಡಿಸಿಕೊಳ್ಳಬೇಕು, ಸಾಹೇಬರನ್ನು ಹುಡುಕಿಕೊಂಡು ಹೋಗಿ ಕೈಯಲ್ಲಿಡಬೇಕು. ಅಂತೂ ಎದ್ದು ಬಂಡೆ ಹತ್ತಿದಾಗ ನೆರಳು ಉದ್ದವಾಗತೊಡಗಿತ್ತು. ಸಂದಿಯ ನೀರು ಆರಿ, ಉಂಡೆ ಮತ್ತೆ ಕಪ್ಪಗೆ ಮುಚ್ಚಿಕೊಂಡಿತ್ತು. ಬಗ್ಗಿ ಬೆರಳು ಚಾಚಿದ.

“ಸಾ! ಸಾ! ಮುಟ್ಬೇಡಿ ಸಾ!” ಯಲ್ಲಯ್ಯ ಶಿಳ್ಳೆ ಊದುತ್ತ ಓಡಿಬಂದ. “ಬೇಜಾರ್ ಮಾಡ್ಕಬೇಡಿ, ಯಾರೇ ಬಂದ್ರೂ ಕೈ ಹಾಕಕ್ಕೆ ಬುಡಬೇಡ ಅಂತ ಸಾಹೇಬ್ರು ಹೇಳೋಗವ್ರೆ. ನೋಡಂಗಿದ್ರೆ ನೋಡಿ.”

“ನಾನೇ ಕಣಯ್ಯ ಅದನ್ನ ಬರೆದಿದ್ದು.”

“ಗೊತ್ತು ಸಾ. ಅದ್ಕೇ ಹೇಳ್ದೆ, ರೂಲ್ಸು ನಿಮ್ದೇಯ.”

ಬಸವಪ್ರಭು ಬಗ್ಗಿದಲ್ಲಿಂದ ಏಳಲಿಲ್ಲ. ಮಧ್ಯಾಹ್ನದಿಂದ ಕಟ್ಟಿದ ವಾಕ್ಯ ಗಂಟಲಿಗೆ ಬಂತು, ಯಾರ ದನಿಯನ್ನೂ ಹಾಕಿಕೊಳ್ಳದೆ ಬಂತು.

“ಯಲ್ಲಯ್ಯ, ಒಂದು ತಪ್ಪಾಗಿದೆ. ಇದು ಇಲ್ಲಿಯದಲ್ಲ. ಕೊತ್ತಗೆರೆ ಹತ್ತಿರದ ಹುರುಳಿಬಂಡೆಯದು. ಅಡವಿಯಪ್ಪ ಅನ್ನುವವರಿಗೆ ಸಿಕ್ಕಿದ್ದು. ನಾನು ಸುಳ್ಳು ಬರೆದೆ.”

ಯಲ್ಲಯ್ಯ ಬಿಸಿಲಿಗೆ ತಲೆ ತಿರುಗಿದವರನ್ನು ಎಬ್ಬಿಸುವಂತೆ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿದ. “ಏನ್ ಸಾ, ತಮಾಷೆ ಮಾಡ್ತೀರಾ! ನೀವು ಬೋ ತಮಾಷೆಯವ್ರು ಅಂತ ಆ ಜೀಪಿನ ಸಾಹೇಬ್ರು ಹೇಳ್ತಿದ್ರು,” ಎಂದು ನಕ್ಕು, ಗೇಟಿನ ಬೀಗದ ಕೈ ತೆಗೆದ. “ಇಳೀರಿ ಸಾ. ನಾಕು ಗಂಟೆ ಆತು, ಬಾಗ್ಲು ಹಾಕ್ಬೇಕು.”